ಅಪ್ಪನ ಬದುಕನ್ನು ಒಂದು ಪುಟ್ಟ ಪುಸ್ತಕ ಮಾಡುವುದು ಹೇಗೆ

ಪಿತೃಪಕ್ಷದಲ್ಲಿ ಅಪ್ಪನಿಗೆ ಎಡೆ ಇಡುವಾಗ ಅಮ್ಮ ಯಾರನ್ನೂ ಏನೂ ಕೇಳುವುದಿಲ್ಲ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಎರಡು ಒಬ್ಬಟ್ಟು, ಒಂದು ಲೋಟ ಬೆಲ್ಲದ ಕಾಫಿ, ಎಲೆ ಅಡಿಕೆ. ಸುಣ್ಣ ಮಾತ್ರ ಇಡುವುದಿಲ್ಲ. ಬಾಯಿ ಹುಣ್ಣಾಗುತ್ತೆ ಅಂತ ಅಪ್ಪ ಕೊನೆಯ ಹತ್ತು ವರ್ಷ ಸುಣ್ಣ ಬಿಟ್ಟಿದ್ದರು. ಅಷ್ಟು ಸಣ್ಣ ಸಂಗತಿಯೂ ಅವಳಿಗೆ ನೆನಪಿದೆ.

ಅದೇ ಅಪ್ಪನ ಹನ್ನೊಂದನೇ ದಿನದ ಕಾರ್ಯಕ್ಕೆ ನಾವು ಮಕ್ಕಳು ಒಂದು ಫ್ಲೆಕ್ಸ್ ಮಾಡಿಸಿದ್ದೆವು. "ಪ್ರೀತಿಯ ಪತಿ, ಮಮತೆಯ ತಂದೆ, ಅಕ್ಕರೆಯ ತಾತ" ಅಂತ ಬರೆಸಿದ್ದೆವು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಹೆಸರು, ಫೋಟೊ ಬದಲಾಯಿಸಿದರೆ ಆ ಫ್ಲೆಕ್ಸನ್ನು ಊರಿನ ಯಾರ ಮನೆ ಮುಂದೆ ಬೇಕಾದರೂ ಕಟ್ಟಬಹುದಿತ್ತು. ಎಡೆಯನ್ನು ಹಾಗೆ ಇನ್ನೊಬ್ಬರ ಮನೆಗೆ ಒಯ್ಯಲು ಆಗುವುದಿಲ್ಲ. ಅದು ನಮ್ಮಪ್ಪನದೇ.

ವರ್ಷದ ತಿಥಿಯ ಹೊತ್ತಿಗೆ ಅಣ್ಣ, ನಾನು, ತಂಗಿ ಸೇರಿ 32 ಪುಟದ ಒಂದು ಪುಸ್ತಕ ಮಾಡಿದೆವು. ಫ್ಲೆಕ್ಸ್‌ನ ಆ ಮೂರು ಪದಗಳನ್ನೇ ಇಟ್ಟುಕೊಂಡೆವು. ಪತಿ ಹೇಗಿದ್ದರು ಅಂತ ಅಮ್ಮನನ್ನು ಕೇಳಿದೆವು, ತಂದೆ ಹೇಗಿದ್ದರು ಅಂತ ಒಬ್ಬರನ್ನೊಬ್ಬರು ಕೇಳಿಕೊಂಡೆವು, ತಾತ ಹೇಗಿದ್ದರು ಅಂತ ಮಕ್ಕಳನ್ನು ಕೇಳಿದೆವು. ಮೂವರು ಬೇರೆ ಬೇರೆ ಮನುಷ್ಯರೇ ಸಿಕ್ಕರು. ಹೇಗೆ ಮಾಡಿದೆವು, ಎಲ್ಲಿ ತಪ್ಪಿದೆವು ಅಂತ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯ ಹಿರಿಯರಿಗೂ ಇಂಥದ್ದೊಂದು ಮಾಡಬೇಕು ಅನ್ನಿಸಿದ್ದರೆ ಉಪಯೋಗಕ್ಕೆ ಬರಲಿ.

ಮೊದಲ ವಾರಗಳಲ್ಲಿ

ಬರೆಯುವುದಕ್ಕೆ ಆತುರ ಬೇಡ. ಆ ದಿನಗಳಲ್ಲಿ ಯಾರ ಕೈಲೂ ಆಗುವುದಿಲ್ಲ. ಆದರೆ ಕೆಲವನ್ನು ತಡಮಾಡಿದರೆ ಮತ್ತೆ ಸಿಗುವುದಿಲ್ಲ.

ಮೊದಲನೆಯದು ಅವರ ಫೋನು. ರೀಚಾರ್ಜ್ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ನಂಬರ್ ರದ್ದಾಗಿ, ಮುಂದೆ ಬೇರೆಯವರ ಪಾಲಾಗುತ್ತೆ. ವಾಟ್ಸಾಪ್ ಖಾತೆ 120 ದಿನ ಬಳಸದೆ ಇದ್ದರೆ ತಾನಾಗಿ ಅಳಿಸಿಹೋಗುತ್ತೆ. ಹಾಗಾಗಿ ಕಡಿಮೆ ದುಡ್ಡಿನ ಒಂದು ಪ್ಲಾನ್ ಹಾಕಿಸಿ ವರ್ಷ ತುಂಬುವವರೆಗೆ ನಂಬರ್ ಉಳಿಸಿಕೊಳ್ಳಿ, ಆಗಾಗ ಅವರ ಫೋನಿನಲ್ಲಿ ವಾಟ್ಸಾಪ್ ತೆರೆಯುತ್ತಿರಿ. ಅವರು ನಿಮಗೆ ಕಳಿಸಿದ ವಾಯ್ಸ್ ಮೆಸೇಜ್ ನಿಮ್ಮ ಫೋನಿನಲ್ಲೇ ಇರುತ್ತವೆ. ಆ ಚಾಟ್ ತೆರೆದು ಎಕ್ಸ್‌ಪೋರ್ಟ್ ಚಾಟ್ ಒತ್ತಿ, ಮೀಡಿಯಾ ಸಮೇತ ಒಂದು ಪ್ರತಿ ತೆಗೆದಿಡಿ. ನಮ್ಮಪ್ಪನ ಮೆಸೇಜುಗಳೆಲ್ಲ ಎಂಟು ಹತ್ತು ಸೆಕೆಂಡಿನವು. "ಊಟ ಆಯ್ತಾ, ಮಳೆ ಬರ್ತಿದೆಯಾ ಅಲ್ಲಿ" ಅಷ್ಟೇ. ಇವತ್ತು ನಮ್ಮ ಹತ್ತಿರ ಇರುವ ಆಸ್ತಿ ಅಂದರೆ ಅದೇ.

ಎರಡನೆಯದು ಬಟ್ಟೆ, ಸಾಮಾನು. ಕೊಡುವುದು, ಬಿಡುವುದು ನಿಮ್ಮ ಮನೆಯ ಪದ್ಧತಿ. ಕೊಡುವ ಮುಂಚೆ ಒಂದು ಹಾಸಿಗೆಯ ಮೇಲೆ ಹರಡಿ ಫೋಟೊ ತೆಗೆಯಿರಿ. ಕನ್ನಡಕ, ಚೀಲ, ಚಪ್ಪಲಿ, ಜೇಬಿನಲ್ಲಿದ್ದ ಚೀಟಿ ಎಲ್ಲದರದ್ದೂ. ಜೇಬಿನ ಚೀಟಿ ಎಸೆಯಬೇಡಿ.

ಮೂರನೆಯದು ಕಾಗದಪತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಮೇಲೆ ವಂಶವೃಕ್ಷ, ಪೌತಿ ಖಾತೆ (ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ಕುಟುಂಬ ಪಿಂಚಣಿ ಅಂತ ಓಡಾಟ ಶುರುವಾಗುತ್ತೆ. ಆ ಓಡಾಟಕ್ಕೆ ಬೀರುವಿನಿಂದ ಹೊರಬರುವ ಕಾಗದಗಳೇ ನಿಮ್ಮ ಪುಸ್ತಕಕ್ಕೂ ಆಧಾರ. ಯಾವುದನ್ನೂ ಕಚೇರಿಗೆ ಕೊಡುವ ಮುಂಚೆ ಎರಡೂ ಬದಿ ಸ್ಕ್ಯಾನ್ ಮಾಡಿ. ಎಷ್ಟೋ ಸಲ ಹಿಂಬದಿಯಲ್ಲೇ ಕೈಬರಹ ಇರುತ್ತೆ.

ತಾರೀಖು ಹಿಡಿಯುವುದು

ಒಂದು ದೊಡ್ಡ ಹಾಳೆ ತಗೊಂಡು ಎಡಬದಿಗೆ ವರ್ಷಗಳನ್ನು ಕೆಳಗಿನವರೆಗೆ ಬರೆಯಿರಿ. ಗೊತ್ತಿರುವುದನ್ನು ತುಂಬಿ, ಗೊತ್ತಿಲ್ಲದ ಕಡೆ ಖಾಲಿ ಬಿಡಿ. ನೀವು ಯಾರನ್ನು ಏನು ಕೇಳಬೇಕು ಅಂತ ಆ ಖಾಲಿ ಜಾಗಗಳೇ ಹೇಳುತ್ತವೆ.

ಹುಟ್ಟಿದ ದಿನದಲ್ಲೇ ಮೊದಲ ತೊಡಕು ಬರಬಹುದು. ಅಪ್ಪನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 1-6-1948 ಅಂತಿದೆ. ನಮ್ಮ ದೊಡ್ಡಪ್ಪನದೂ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಚೀಟಿಯಲ್ಲಿ ಸರ್ವಜಿತ್ ಸಂವತ್ಸರ, ಮಾಘ ಮಾಸ ಅಂತಿತ್ತು. ಸಂವತ್ಸರದ ಹೆಸರು ಸಿಕ್ಕರೆ ವರ್ಷ ಸಿಕ್ಕಿದ ಹಾಗೆ. ಒಟ್ಟು 60 ಹೆಸರು, ಪ್ರಭವದಿಂದ ಶುರು. 1927ರ ಯುಗಾದಿಗೆ ಪ್ರಭವ ಬಂತು, ಮತ್ತೆ 1987ಕ್ಕೆ ಬಂತು. ಅಲ್ಲಿಂದ ಬೆರಳೆಣಿಸಿಕೊಂಡು ಹೋದರೆ 1945 ಪಾರ್ಥಿವ, 1946 ವ್ಯಯ, 1947 ಸರ್ವಜಿತ್. ಒಂದು ಎಚ್ಚರ: ಸಂವತ್ಸರ ಬದಲಾಗುವುದು ಯುಗಾದಿಗೆ. 1947ರಲ್ಲಿ ಶುರುವಾದ ಸರ್ವಜಿತ್‌ನಲ್ಲಿ ಮಾಘ ಬಂದಿದ್ದು 1948ರ ಫೆಬ್ರವರಿಯ ಸುಮಾರಿಗೆ. ನಾವು ಮೊದಲು 1947 ಅಂತಲೇ ಬರೆದುಬಿಟ್ಟಿದ್ದೆವು. ಪುಸ್ತಕದಲ್ಲಿ ಎರಡೂ ತಾರೀಖು ಹಾಕಿ, ಯಾವುದು ಎಲ್ಲಿಂದ ಬಂತು ಅಂತ ಬರೆದೆವು.

ಕೆಲಸದ ವರ್ಷಗಳಿಗೆ ಸೇವಾ ಪುಸ್ತಕ, ಪಿಂಚಣಿ ಆದೇಶ ನೋಡಿ. ಅಪ್ಪ ತಿಪಟೂರಿನ ಕಡೆ ವಿದ್ಯುತ್ ಮಂಡಳಿಯಲ್ಲಿ (ಕೆಇಬಿ) ಲೈನ್‌ಮನ್ ಆಗಿದ್ದರು. ಊರವರ ಬಾಯಲ್ಲಿ ಕೊನೆಯವರೆಗೂ ಅವರು ಕೆಇಬಿಯವರೇ. ಕಾಗದದಲ್ಲಿ ಮಾತ್ರ ಅದೇ ಕೆಲಸಕ್ಕೆ ಮೂರು ಹೆಸರು: 1999ರವರೆಗೆ ಕೆಇಬಿ, ಆಮೇಲೆ ಕೆಪಿಟಿಸಿಎಲ್, 2002ರಿಂದ ಬೆಸ್ಕಾಂ. ಹಳೇ ಸಂಬಳದ ಚೀಟಿಯಲ್ಲಿ ತಾರೀಖು ಹರಿದುಹೋಗಿದ್ದರೂ ಮೇಲಿನ ಹೆಸರು ನೋಡಿ ಯಾವ ಕಾಲದ್ದು ಅಂತ ಹೇಳಬಹುದಾಗಿತ್ತು. ನಿಮ್ಮವರು ರೈತರಾಗಿದ್ದರೆ ಹಳೇ ಪಹಣಿ, ಮ್ಯುಟೇಷನ್ ನೋಡಿ. ಅಂಗಡಿಯವರಾಗಿದ್ದರೆ ಲೆಕ್ಕದ ಪುಸ್ತಕ.

ಲಗ್ನಪತ್ರಿಕೆ ಸಿಕ್ಕರೆ ಸಂತೋಷ. ಅದಕ್ಕಿಂತ ಚೆನ್ನಾಗಿರುವುದು ಮದುವೆಯಲ್ಲಿ ಮುಯ್ಯಿ ಬರೆದುಕೊಂಡ ಪುಸ್ತಕ. ಯಾರು ಬಂದಿದ್ದರು, ಯಾವ ಊರಿಂದ, ಎಷ್ಟು ಹಾಕಿದರು, ಎಲ್ಲ ಇರುತ್ತೆ. ಅಪ್ಪನ ಮದುವೆಗೆ ಹೆಚ್ಚಿನವರು 2 ರೂಪಾಯಿ, 5 ರೂಪಾಯಿ ಹಾಕಿದ್ದಾರೆ. ಒಬ್ಬರು ಮಾತ್ರ 51. ಯಾರು ಅಂತ ಅಮ್ಮನನ್ನು ಕೇಳಿದೆ. ಅಪ್ಪ ಓದುವಾಗ ಊಟ ಹಾಕಿದ ಮನೆಯವರು ಅಂತ ಗೊತ್ತಾಯಿತು. ನಮಗೆ ಯಾರಿಗೂ ಗೊತ್ತಿರದ ಎರಡು ವರ್ಷ ಆ ಒಂದು ಸಾಲಿನಿಂದ ತೆರೆದುಕೊಂಡಿತು.

ಹಿರಿಯರಿಗೆ ಇಸವಿ ನೆನಪಿರುವುದಿಲ್ಲ. ಊರಿಗೇ ಗೊತ್ತಿದ್ದ ಘಟನೆ ಹಿಡಿದು ಕೇಳಿ. ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದು ಚುನಾವಣೆಗೆ ನಿಂತಿದ್ದು 1978, ಗೋಕಾಕ್ ಚಳವಳಿ 1982, ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತೊಯ್ದಿದ್ದು 2000ದ ಜುಲೈ 30. "ದೊಡ್ಡ ಗ್ರಹಣದ ದಿನ ನಿನ್ನ ತಂಗಿ ಹೊಟ್ಟೇಲಿದ್ಲು, ನಿಮ್ಮಪ್ಪ ನನ್ನ ಬಾಗಿಲಿಂದ ಆಚೆಗೆ ಬಿಡಲಿಲ್ಲ" ಅಂದಳು ಅಮ್ಮ. ಅದು 1980ರ ಫೆಬ್ರವರಿ 16. ಆ ವರ್ಷದ ಬೇರೆ ಸಂಗತಿಗಳೆಲ್ಲ ಅದರ ಆಚೆ ಈಚೆ ಕೂತವು.

ಇನ್ನೊಂದು, ಗೋಡೆ ಕ್ಯಾಲೆಂಡರ್. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಹಸು ಕರು ಹಾಕಿದ ದಿನ ಎಲ್ಲ ಅದರಲ್ಲೇ ಬರೆಯುತ್ತಿದ್ದರು ಅಲ್ವಾ? ಡೈರಿ ಬರೆಯದ ಗಂಡಸರ ಡೈರಿ ಅದು. ಹಳೇ ಕ್ಯಾಲೆಂಡರ್‌ಗಳು ಅಟ್ಟದ ಮೇಲೋ ಬೀರುವಿನ ಹಲಗೆಯ ಮೇಲೋ ಹಾಸಿಕೊಂಡಿರಬಹುದು. ಹುಡುಕಿ.

ಪತಿ ಹೇಗಿದ್ದರು: ಅಮ್ಮನನ್ನು ಕೇಳುವುದು

ಇದು ಎಲ್ಲಕ್ಕಿಂತ ಮುಖ್ಯವಾದ ಕೆಲಸ. ನಿಧಾನವಾಗಿ ಮಾಡಿ.

"ಅಪ್ಪ ಎಂಥವರಾಗಿದ್ರು ಹೇಳಮ್ಮ" ಅಂತ ನಾನು ಮೊದಲ ಸಲ ರೆಕಾರ್ಡರ್ ಇಟ್ಟು ಕೇಳಿದೆ. "ಒಳ್ಳೇವ್ರು ಕಣಪ್ಪ" ಅಂದು ಸುಮ್ಮನಾದಳು. ತಪ್ಪು ಅವಳದಲ್ಲ, ನನ್ನ ಪ್ರಶ್ನೆಯದು. ಎಂಥವರು ಅಂತ ಕೇಳಿದರೆ ಅಷ್ಟೇ ಉತ್ತರ ಬರುತ್ತೆ. ಆಮೇಲೆ ಒಂದು ಸಂಜೆ ಇಬ್ಬರೂ ಕೂತು ಅವರೆಕಾಳು ಹಿತುಕುತ್ತಿದ್ದೆವು. ಕೈಗೆ ಕೆಲಸ ಇತ್ತು, ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ. "ಅಪ್ಪ ಕೆಲಸದಿಂದ ಬಂದ ತಕ್ಷಣ ಮೊದಲು ಏನು ಮಾಡ್ತಿದ್ರು?" ಅಂದೆ. ಒಂದೂವರೆ ಗಂಟೆ ಮಾತಾಡಿದಳು.

ಪ್ರಶ್ನೆ ಒಂದು ವಸ್ತುವಿನ ಬಗ್ಗೆ ಇರಲಿ, ಇಲ್ಲವೇ ಒಂದು ಹೊತ್ತಿನ ಬಗ್ಗೆ. ನೋಡೋಕೆ ಬಂದ ದಿನ ಯಾವ ಬಟ್ಟೆ ಹಾಕಿದ್ದರು? ಮೊದಲ ಸಂಬಳದಲ್ಲಿ ಏನು ತಂದರು? ಸಂಬಳ ತಂದು ಯಾರ ಕೈಗೆ ಕೊಡುತ್ತಿದ್ದರು? ಜಗಳ ಆದರೆ ಮೊದಲು ಮಾತಾಡುತ್ತಿದ್ದವರು ಯಾರು? ನಿನಗೆ ಹುಷಾರಿಲ್ಲದಾಗ ಅಡುಗೆ ಯಾರು ಮಾಡಿದರು? ಉತ್ತರ ಬಂದ ಮೇಲೆ ತಕ್ಷಣ ಇನ್ನೊಂದು ಕೇಳಬೇಡಿ. ಸುಮ್ನೆ ಕೂತಿರಿ. ಆ ಮೌನ ಆದಮೇಲೆ ಬರುವ ಮಾತೇ ನಿಮಗೆ ಬೇಕಾದ್ದು.

ಅಮ್ಮ ಅಪ್ಪನ ಹೆಸರು ಹೇಳುವುದಿಲ್ಲ. "ಇವ್ರು" ಅನ್ನುತ್ತಾಳೆ, ಈಗಲೂ. ಬರೆಯುವಾಗ ಹಾಗೇ ಇಡಿ. ಅವಳ ಮಾತನ್ನು ಪುಸ್ತಕದ ಭಾಷೆಗೆ ತಿದ್ದಿದರೆ ಅವಳು ಅಲ್ಲಿ ಇರುವುದೇ ಇಲ್ಲ. ನಮ್ಮ ಪುಸ್ತಕದಲ್ಲಿ ಅವಳದು ಹೀಗೆ ಶುರುವಾಗುತ್ತೆ: "ಮಳೆ ಬಂದ ರಾತ್ರಿ ಇವ್ರು ಮನೇಲಿದ್ದಿದ್ದೇ ಇಲ್ಲ. ಗಾಳಿ ಎದ್ರೆ ನಾನು ಹಂಡೆಗೆ ಉರಿ ಹಾಕೋಳು. ಎಷ್ಟೊತ್ತಿಗೆ ಬಂದ್ರೂ ನೀರು ಕಾದಿರ್ಬೇಕು ಅಂತ. ಸೈಕಲ್ ಸ್ಟ್ಯಾಂಡ್ ಹಾಕಿದ್ ಸದ್ದು ಕೇಳೋವರ್ಗೂ ಜೀವ ಕೈಲಿ." ನಾವು ಮೂವರೂ ಆ ರಾತ್ರಿಗಳಲ್ಲಿ ನಿದ್ದೆ ಮಾಡಿದ್ದೆವು. ನಮಗೆ ಗೊತ್ತೇ ಇರಲಿಲ್ಲ.

ಅಪ್ಪನ ಪಾಲು ಸಿಕ್ಕಿದ್ದು ಕ್ಯಾಲೆಂಡರಿನಲ್ಲಿ. ಅಮ್ಮನ ಕಣ್ಣಿನ ಆಪರೇಷನ್ ಆದ ತಿಂಗಳ ಪ್ರತಿ ಚೌಕದಲ್ಲೂ ನಾಲ್ಕು ಸಣ್ಣ ಗೀಟುಗಳಿವೆ. ದಿನಕ್ಕೆ ನಾಲ್ಕು ಸಲ ಡ್ರಾಪ್ಸ್ ಹಾಕಿ ಒಂದೊಂದು ಗೀಟು ಎಳೆದಿದ್ದಾರೆ. ಒಂದು ದಿನವೂ ತಪ್ಪಿಲ್ಲ. ಆ ಪುಟವನ್ನು ಹಾಗೇ ಅಚ್ಚು ಹಾಕಿಸಿದೆವು, ಕೆಳಗೆ ಏನೂ ಬರೆಯಲಿಲ್ಲ.

ಅಳು ಬಂದರೆ ರೆಕಾರ್ಡಿಂಗ್ ನಿಲ್ಲಿಸಿ. ಇನ್ನೊಂದು ದಿನ ಆಗುತ್ತೆ. ಹಾಗೇ ಒಂದು ವಿಷಯವನ್ನು ಕೇಳಲೇಬೇಕು, ಮೆಲ್ಲಗೆ: ಹುಟ್ಟಿ ಉಳಿಯದ ಮಗು ಇತ್ತಾ ಅಂತ. ಆ ಕಾಲದ ಎಷ್ಟೋ ಮನೆಗಳಲ್ಲಿ ಇತ್ತು. ನಮ್ಮಲ್ಲೂ ಇತ್ತು, ಅಣ್ಣನಿಗಿಂತ ದೊಡ್ಡ ಹೆಣ್ಣುಮಗು, 11 ದಿನ. "ಅವಳನ್ನೂ ಬರೀರಿ" ಅಂದಳು ಅಮ್ಮ. ಅಪ್ಪನ ಮಕ್ಕಳು ಅನ್ನುವ ಸಾಲಿನಲ್ಲಿ ಈಗ ನಾಲ್ಕು ಜನ ಇದ್ದೇವೆ.

ತಂದೆ, ತಾತ

ಅಣ್ಣತಮ್ಮಂದಿರು, ಅಕ್ಕತಂಗಿಯರು ಒಟ್ಟಿಗೆ ಕೂತು ಬರೆಯಬೇಡಿ. ಒಬ್ಬರ ನೆನಪು ಇನ್ನೊಬ್ಬರದನ್ನು ಒತ್ತಿಬಿಡುತ್ತೆ. ಎಲ್ಲರೂ ಬೇರೆ ಬೇರೆಯಾಗಿ ಎರಡೆರಡು ಪುಟ ಬರೆಯಲಿ. ಬರೆಯಲು ಬಾರದವರು, ದೂರದಲ್ಲಿರುವವರು ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸಲಿ. ಅಣ್ಣ ಕಂಡ ಅಪ್ಪ 28 ವರ್ಷದ ಯುವಕ, ಲೆಕ್ಕ ತಪ್ಪಿದರೆ ಬೆತ್ತ ಹಿಡಿಯುತ್ತಿದ್ದವರು. ತಂಗಿ ಕಂಡ ಅಪ್ಪ ಬೈದಿದ್ದೇ ಇಲ್ಲ. "ಅಪ್ಪ ಯಾರಿಗೂ ಹೊಡೀತಿರಲಿಲ್ಲ" ಅಂತ ಅವಳು ಬರೆದಾಗ ಇಬ್ಬರಿಗೂ ಸಣ್ಣ ಮಾತಾಯಿತು. ಕೊನೆಗೆ ಎರಡನ್ನೂ ಹಾಗೇ ಬಿಟ್ಟೆವು, ಎದುರುಬದುರು ಪುಟದಲ್ಲಿ. ಒಬ್ಬ ಮನುಷ್ಯ ಹತ್ತು ವರ್ಷದಲ್ಲಿ ಮೆತ್ತಗಾಗಿದ್ದು ಹಾಗೆ ಕಾಣಿಸಿತು.

ಕುಂದುಕೊರತೆ ಬರೆಯಬೇಕಾ ಬೇಡವಾ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯ ಇಷ್ಟು: ಬದುಕಿರುವವರಿಗೆ ನೋವಾಗುವುದನ್ನು ಬಿಡಿ, ಆದರೆ ಇಲ್ಲದ ಗುಣ ಬರೆಯಬೇಡಿ. ಅಪ್ಪ ಒಬ್ಬ ಸ್ನೇಹಿತರಿಗೆ ಜಾಮೀನು ಹಾಕಿ, ಆರು ವರ್ಷ ಆ ಸಾಲ ತೀರಿಸಿದರು. ಅದನ್ನು ಬರೆದೆವು, ಸ್ನೇಹಿತರ ಹೆಸರು ಬಿಟ್ಟು. ಯಾವುದು ಹೋಗಬೇಕು, ಯಾವುದು ಇರಬೇಕು ಅನ್ನುವ ಕೊನೆಯ ಮಾತು ಅಮ್ಮನದಾಗಿರಲಿ.

ಮೊಮ್ಮಕ್ಕಳನ್ನು ದೊಡ್ಡವರಿಲ್ಲದಾಗ ಕೇಳಿ. ಪಕ್ಕದಲ್ಲಿ ಅಮ್ಮ ಇದ್ದರೆ "ತಾತ ತುಂಬಾ ಪ್ರೀತಿ ಮಾಡ್ತಿದ್ರು" ಅಂತ ಪಾಠ ಒಪ್ಪಿಸುತ್ತಾರೆ. ಚಿಕ್ಕವರ ಕೈಗೆ ಕಾಗದ, ಬಣ್ಣ ಕೊಟ್ಟು ತಾತನ ಜೊತೆ ಎಲ್ಲಿಗೆ ಹೋಗುತ್ತಿದ್ದೆ ಅಂತ ಬರೆಸಿ. ನಮ್ಮ ತಂಗಿಯ ಏಳು ವರ್ಷದ ಮಗ ಕಂಬ ಬರೆದ, ಕಂಬದ ಮೇಲೆ ಹಕ್ಕಿ, ಕೆಳಗೆ ತಾತ. "ಕರೆಂಟ್ ಹೋದ್ರೆ ಹತ್ತು ಎಣಿಸು ಅಂತಿದ್ರು ತಾತ. ಹತ್ತರೊಳಗೆ ಬಂದ್ರೆ ಕರೆಂಟ್ ಸ್ಟೇಷನ್‌ದು ತೊಂದ್ರೆ, ಬರ್ಲಿಲ್ಲ ಅಂದ್ರೆ ನಮ್ ಲೈನ್‌ದು" ಅಂದ. ಅವನು ಈಗಲೂ ಎಣಿಸುತ್ತಾನೆ.

ಮನೆಯ ಹೊರಗಿನವರನ್ನು ಮರೆಯಬೇಡಿ. ಜೊತೆಗೆ ಕೆಲಸ ಮಾಡಿದವರು, ಟೀ ಅಂಗಡಿಯವರು, ಊರಿನ ರೈತರು. ಇವರಲ್ಲಿ ವಯಸ್ಸಾದವರ ಹತ್ತಿರ ಮೊದಲು ಹೋಗಿ. ನಿವೃತ್ತಿಯಾಗಿ ಎಷ್ಟೋ ವರ್ಷ ಆದ ಮೇಲೂ "ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಯಾವಾಗ ಕೊಡ್ತಾರಣ್ಣ" ಅಂತ ಅಪ್ಪನಿಗೆ ಫೋನ್ ಬರುತ್ತಿತ್ತು. ಅವರು ಸ್ಟೇಷನ್ನಿಗೆ ಫೋನ್ ಮಾಡಿ, ತಿಳಕೊಂಡು, ವಾಪಸ್ ಹೇಳುತ್ತಿದ್ದರು. ಇದನ್ನು ನಮಗೆ ಹೇಳಿದ್ದು ಹೊರಗಿನವರೇ.

ಫೋಟೊಗಳು

ಆಲ್ಬಮ್‌ಗೆ ಅಂಟಿಹೋದ ಫೋಟೊ ಕೀಳಬೇಡಿ, ಮೇಲ್ಪದರ ಹರಿದು ಬರುತ್ತೆ. ಹಾಳೆ ಸಮೇತ ಸ್ಕ್ಯಾನ್ ಮಾಡಿ. ಸಾಧಾರಣ ಫೋಟೊಗೆ 300 ಡಿಪಿಐ (ಸ್ಕ್ಯಾನ್ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಸಾಕು, ಪಾಸ್‌ಪೋರ್ಟ್ ಅಳತೆಯದನ್ನು ದೊಡ್ಡದು ಮಾಡಬೇಕಿದ್ದರೆ 600 ಇಡಿ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಇಟ್ಟು ಫ್ಲ್ಯಾಶ್ ಇಲ್ಲದೆ ಫೋನಿನಲ್ಲಿ ತೆಗೆಯಿರಿ. ಅಂಗಡಿಗೆ ಕೊಟ್ಟರೆ ಅಲ್ಲೇ ನಿಂತು ಮಾಡಿಸಿಕೊಂಡು ಬನ್ನಿ. ನಾವು ಒಂದು ಕಡೆ ಬಿಟ್ಟು ಬಂದ ಮದುವೆ ಫೋಟೊ ವಾಪಸ್ ಸಿಗಲೇ ಇಲ್ಲ, ಇದ್ದಿದ್ದು ಅದೊಂದೇ ಪ್ರತಿ.

ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂಬದಿಯಲ್ಲಿ ಗುರುತು ಮೂಡುತ್ತೆ. ಕಂಪ್ಯೂಟರಿನಲ್ಲಿ ಫೈಲಿನ ಹೆಸರು ಇಸವಿಯಿಂದ ಶುರುವಾಗಲಿ, ಆಗ ತಾನಾಗಿ ಸಾಲಾಗಿ ನಿಲ್ಲುತ್ತವೆ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಒಂದು ಗೂಗಲ್ ಡ್ರೈವ್‌ನಲ್ಲಿ, ಒಂದು ಬೇರೆ ಊರಿನಲ್ಲಿರುವವರ ಹತ್ತಿರ ಇರಲಿ.

ಬರೆಯುವುದು, ಅಚ್ಚು ಹಾಕಿಸುವುದು

ಹುಟ್ಟಿದ್ದರಿಂದ ಶುರು ಮಾಡಬೇಕು ಅಂತ ಏನಿಲ್ಲ. ಅವರ ಒಂದು ಮಾಮೂಲಿ ದಿನದಿಂದ ಶುರು ಮಾಡಿ. ಎಷ್ಟು ಹೊತ್ತಿಗೆ ಏಳುತ್ತಿದ್ದರು, ಮೊದಲು ಯಾರನ್ನು ಕೂಗುತ್ತಿದ್ದರು, ಯಾವ ಕುರ್ಚಿ ಅವರದು. ಅಜಾತಶತ್ರು, ಸರಳ ಸಜ್ಜನ, ತುಂಬಲಾರದ ನಷ್ಟ, ಇಂಥ ಮಾತುಗಳು ತಾವಾಗೇ ಬರುತ್ತವೆ. ಬರಲಿ, ಬರೆದುಕೊಳ್ಳಿ. ತಿದ್ದುವಾಗ ಒಂದೊಂದು ವಾಕ್ಯಕ್ಕೂ ಪಕ್ಕದ ಮನೆಯವರ ಹೆಸರು ಹಾಕಿ ಓದಿ ನೋಡಿ. ಅವರಿಗೂ ಒಪ್ಪಿದರೆ ಆ ವಾಕ್ಯ ತೆಗೆದುಹಾಕಿ. "ಕರ್ತವ್ಯನಿಷ್ಠರಾಗಿದ್ದರು" ಅಂತ ನಾನು ಬರೆದಿದ್ದೆ. ಅದನ್ನು ತೆಗೆದು, "ಲೈನ್ ಕ್ಲಿಯರ್ (ಆ ಲೈನಿನ ಕರೆಂಟ್ ತೆಗೆದಿದ್ದಾರೆ ಅನ್ನುವ ಖಾತರಿ) ಸಿಕ್ಕಿದೆ ಅಂತ ತಾವೇ ಎರಡು ಸಲ ಕೇಳಿ ತಿಳಿಯದೆ ಯಾವ ಹುಡುಗನನ್ನೂ ಕಂಬ ಹತ್ತಿಸುತ್ತಿರಲಿಲ್ಲ" ಅಂತ ಬರೆದೆ. ಅದನ್ನು ಹೇಳಿದ್ದು ಅವರ ಕೈಕೆಳಗೆ ಕೆಲಸ ಕಲಿತವರು.

ಟೈಪ್ ಮಾಡಲು ಬರದಿದ್ದರೆ ಫೋನಿನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಇದೆ. ತಪ್ಪು ಬೀಳುತ್ತೆ, ಆದರೂ ಅರ್ಧ ಕೆಲಸ ಮುಗಿಯುತ್ತೆ. ಡಿಟಿಪಿ ಅಂಗಡಿಯವರು ಫೋನಿನ ಯೂನಿಕೋಡ್ ಅಕ್ಷರವನ್ನು ತಮ್ಮ ನುಡಿ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿಕೊಂಡರೆ ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ಕೆಡಬಹುದು. ಬದಲಾಯಿಸಿದ ಮೇಲೆ ಇನ್ನೊಮ್ಮೆ ಪೂರ್ತಿ ಓದಿ.

ನಡುವೆ ಪಿನ್ ಹೊಡೆಯುವ ಪುಸ್ತಕವಾದರೆ ಪುಟಗಳು ನಾಲ್ಕರ ಲೆಕ್ಕದಲ್ಲಿ ಇರಬೇಕು: 24, 28, 32. ಎ5 ಅಳತೆ (ಎ4 ಹಾಳೆಯ ಅರ್ಧ) ಕೈಗೆ ಚೆನ್ನಾಗಿ ಕೂರುತ್ತೆ. ಅಕ್ಷರ ದೊಡ್ಡದಿರಲಿ, ಓದುವವರಲ್ಲಿ ಅಜ್ಜಿಯರು ಜಾಸ್ತಿ. ನೂರು ಪ್ರತಿಯ ಒಳಗಾದರೆ ಡಿಜಿಟಲ್ ಪ್ರಿಂಟ್ ಸಾಕು, ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ ದುಬಾರಿಯಾಗುತ್ತೆ. ತಿಥಿಗೆ ಒಂದು ತಿಂಗಳು ಮುಂಚೆ ಪ್ರೂಫ್ ಕೈಗೆ ಬರುವ ಹಾಗೆ ನೋಡಿಕೊಳ್ಳಿ.

ಪ್ರೂಫ್ ಬಂದಾಗ ಮೊದಲು ಹೆಸರುಗಳನ್ನು ನೋಡಿ. ಸೊಸೆಯಂದಿರು, ಅಳಿಯಂದಿರು, ಅತ್ತೆಯ ಮಕ್ಕಳು. ಒಂದು ಹೆಸರು ಬಿಟ್ಟುಹೋದರೆ ಆ ನೋವು ವರ್ಷಗಟ್ಟಲೆ ಉಳಿಯುತ್ತೆ. ಆಮೇಲೆ ಅಮ್ಮನನ್ನು ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ. ನಾವು ಓದುವಾಗ ಅವಳು ಎರಡು ಕಡೆ ತಡೆದಳು. ಒಂದು ಕಡೆ ಊರಿನ ಹೆಸರು ತಪ್ಪಿತ್ತು. ಇನ್ನೊಂದು ಕಡೆ, "ಕಾಫಿ ಅಲ್ಲ, ಬೆಲ್ಲದ ಕಾಫಿ ಅಂತ ಬರಿ" ಅಂದಳು.

ಕೊನೆಯ ನಾಲ್ಕು ಪುಟ ಖಾಲಿ ಬಿಡಿ. ತಿಥಿಯ ದಿನ ಫೋಟೊದ ಪಕ್ಕ ಒಂದು ಪ್ರತಿ ತೆರೆದಿಟ್ಟು, ಬಂದವರಿಗೆ ಬರೆಯಲು ಹೇಳಿ. ನಮ್ಮಲ್ಲಿ ಪಕ್ಕದ ಹಳ್ಳಿಯ ಒಬ್ಬರು ಊಟ ಮುಗಿಸಿ ಬಂದು, ತುಂಬಾ ಹೊತ್ತು ಪುಟ ನೋಡುತ್ತಾ ನಿಂತು, ಆಮೇಲೆ ಬರೆದರು: ಭಾಗ್ಯಜ್ಯೋತಿಯಲ್ಲಿ ನಮ್ಮ ಮನೆಗೆ ಕರೆಂಟ್ ಬಂದ ದಿನ, ನೀನೇ ಹಾಕು ಅಂತ ನನ್ನನ್ನು ಎತ್ತಿಕೊಂಡು ಸ್ವಿಚ್ ಹಾಕಿಸಿದರು, ನನಗಾಗ ಐದು ವರ್ಷ. ಆ ಪುಟದ ಫೋಟೊ ತೆಗೆದು ಪಿಡಿಎಫ್‌ಗೂ ಸೇರಿಸಿ ಎಲ್ಲರಿಗೂ ಕಳಿಸಿದೆವು. ಖಾಲಿ ಪುಟದ ಪಕ್ಕ ಇಡುವ ಪೆನ್ನಿಗೆ ಒಂದು ದಾರ ಕಟ್ಟಿ. ಜನ ಜಾಸ್ತಿ ಇದ್ದಾಗ ಪೆನ್ನು ಕಳೆದುಹೋಗುತ್ತೆ.